ತೊಡೆಯ ಅಳತೆ

ಬಡಗಿ ಛಾವಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೊದಲ ತಿಂಗಳು, ನೋಡಲು ಬಂದವರಿಗೆ ಮನೆಯಲ್ಲಿ ಕುರ್ಚಿ ಸಾಲುತ್ತಿರಲಿಲ್ಲ. ಎರಡನೆಯ ವರ್ಷಕ್ಕೆ ಕುರ್ಚಿಗಳೆಲ್ಲ ಖಾಲಿ, ಚಕ್ರವಿದ್ದ ಒಂದನ್ನು ಬಿಟ್ಟು. ಬರುವುದು ಬಿಡದೆ ಉಳಿದವರು ಒಬ್ಬರೇ: ಅಕ್ಕನ ಗಂಡ, ನಿವೃತ್ತ ಡ್ರಿಲ್ ಮೇಷ್ಟ್ರು. ಅವರೂ ಬಿಟ್ಟಿದ್ದರೆ ನಡೆಯುತ್ತಿತ್ತು ಎಂದು ಬಡಗಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಮೇಷ್ಟ್ರ ಕೊರಳಲ್ಲಿ ಈಗಲೂ ಸೀಟಿ ತೂಗುತ್ತಿತ್ತು. ಅವರ ಶಾಸ್ತ್ರದಲ್ಲಿ ಕಾಯಿಲೆ ಎನ್ನುವುದೇ ಇರಲಿಲ್ಲ, ಇದ್ದದ್ದು ಸೋಮಾರಿತನ ಒಂದೇ. ಭಾವಮೈದುನನ ಕಾಲು ದಿನೇದಿನೇ ಸೊರಗುತ್ತಿದ್ದುದೂ ಅದರಿಂದಲೇ. ಸೊಂಟದ ಕೆಳಗೆ ಅವನಿಗೆ ಏನೂ ತಿಳಿಯುವುದಿಲ್ಲ ಎಂಬ ಸಣ್ಣ ವಿಷಯವನ್ನು ಅವರು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಒಮ್ಮೊಮ್ಮೆ ಆ ಕಾಲು ತಾನಾಗಿಯೇ ಸೆಟೆದು ಗಾಳಿಗೆ ಒದೆಯುತ್ತಿತ್ತು. ಅದು ಸ್ನಾಯುವಿನ ಸೆಳೆತ, ಬಡಗಿಯ ಅಪ್ಪಣೆ ಕೇಳಿ ಆದದ್ದಲ್ಲ. ಆದರೆ ಮೇಷ್ಟ್ರು ಬಡಗಿಯ ಹೆಂಡತಿಯನ್ನು ಕರೆದು, "ನೋಡಿದ್ಯೇನಮ್ಮಾ, ಒಳಗೆ ಶಕ್ತಿ ಇದೆ, ಇವನೇ ಬಚ್ಚಿಟ್ಕೊಂಡಿದ್ದಾನೆ" ಎಂದು ದೂರು ಕೊಡುತ್ತಿದ್ದರು.

ಭಾರ ಹೊರದ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ, ಮೊಣಕಾಲಿನ ಹತ್ತಿರವಂತೂ ಬೇಗ ಎಂದು ಫಿಜಿಯೋಥೆರಪಿಯ ಮೇಡಂ ಹೇಳಿದಾಗ ಬಡಗಿಗೆ ಅದನ್ನು ಎರಡು ಸಲ ಹೇಳಬೇಕಾಗಲಿಲ್ಲ. ಹೊರಗೆ ಬಣ್ಣ, ಒಳಗೆ ಗೆದ್ದಲು ಇದ್ದ ಎಷ್ಟೋ ಬಾಗಿಲುಗಳನ್ನು ಅವನು ಬೆರಳಲ್ಲಿ ತಟ್ಟಿಯೇ ಹಿಡಿದಿದ್ದ. ಪಟ್ಟಿ ಬಿಗಿದು ಚೌಕಟ್ಟಿನಲ್ಲಿ ನಿಲ್ಲುವುದನ್ನು ಮೇಡಂ ಅವನಿಗೆ ಕಲಿಸಿದರು. "ನಿಂತ್ರೆ ಹೋದ ಮೂಳೆ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಕೀಲು ಬಿಗಿಯೋದು ಕಮ್ಮಿ ಆಗ್ಬಹುದು. ಆದ್ರೆ ಯಾರೂ ಕಾಲನ್ನ ಜೋರಾಗಿ ಮಡಚಬೇಡಿ" ಎಂದೂ ಹೇಳಿದರು.

ಆ ಚೌಕಟ್ಟನ್ನು ಬಡಗಿ ಕೂತಲ್ಲೇ ಕೂತು ತಾನೇ ಮಾಡಿಕೊಂಡ. ಜೀವಮಾನವಿಡೀ ಚೌಕಟ್ಟಿಗೆ ಬಾಗಿಲು ಕೂರಿಸಿದವನು ಈಗ ತಾನೇ ಬಾಗಿಲಾಗಿ ದಿನಕ್ಕೆ ಅರ್ಧ ಗಂಟೆ ನಿಲ್ಲುತ್ತಿದ್ದ. ಮುಂದಿನ ತಪಾಸಣೆಯಲ್ಲಿ ಮೇಡಂ ಒಪ್ಪಿದರೆ ಅದನ್ನು ಕೆಲಸದ ಮೇಜಿಗೆ ತಾಗಿಸಿ, ನಿಂತು ಕೀಸುಳಿ ಹಿಡಿಯಬಹುದಿತ್ತು. ಕೂತು ಮರ ಕೀಸುವುದೆಂದರೆ ಬಾಯಿ ಮುಚ್ಚಿಕೊಂಡು ಜಗಳವಾಡಿದ ಹಾಗೆ, ಮೈಯ ಭಾರ ಎಲ್ಲೂ ಬೀಳುವುದಿಲ್ಲ. ಅವನಿಗೆ ಬೇಕಾಗಿದ್ದದ್ದು ಇದೊಂದೇ. ನಡೆಯುವ ಆಸೆಯನ್ನು ಅವನು ಎಂದೋ ಬಿಟ್ಟಿದ್ದ.

ವಾರಕ್ಕೊಮ್ಮೆ ಹೆಂಡತಿ ಹೊಲಿಗೆಯ ಟೇಪು ಹಿಡಿದು ಎರಡೂ ತೊಡೆಯ ಸುತ್ತಳತೆ ತೆಗೆದು, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಅಂಕಿ ಇಳಿಯುತ್ತಲೇ ಇತ್ತು. ಮೇಷ್ಟ್ರಿಗೆ ಆ ಗೋಡೆ ನೋಡಿದಾಗಲೆಲ್ಲ ತಮ್ಮ ಶಾಲೆಯೇ ಫೇಲಾದಷ್ಟು ಅವಮಾನ.

ತಪಾಸಣೆಗೆ ಇನ್ನೆರಡು ದಿನ ಇತ್ತು. ಹೆಂಡತಿ ಅಂಗಡಿಗೆ ಹೋದದ್ದೇ ತಡ, ಮೇಷ್ಟ್ರು ಅಂಗಿಯ ತೋಳು ಮಡಚಿ, ಮಂಚದ ಮೇಲಿದ್ದ ಬಲಗಾಲನ್ನು ಹಿಡಿದು ಮೊಣಕಾಲನ್ನು ಎದೆಯ ಕಡೆಗೆ ಒತ್ತತೊಡಗಿದರು.

"ಸಾಕು ಭಾವ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?"

"ಬಗ್ಗದೆ ಏನು? ಎಂತೆಂಥವರನ್ನೋ ಬಗ್ಗಿಸಿದೀನಿ. ನೋವಾದ್ರೆ ಹೇಳು."

ನೋವಾದರೆ ಹೇಳಬೇಕಂತೆ! ಬಡಗಿಗೆ ನಗು ಬಂತು. ಅಷ್ಟರಲ್ಲಿ ಲಟ್ಟೆಂದು ಸದ್ದಾಯಿತು.

ಒಣಮರ ಸೀಳುವ ಸದ್ದು ಹೇಗಿರುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಭಾವ, ಏನೋ ಮುರೀತು" ಎಂದ.

"ನೆಟಿಗೆ ಬಿತ್ತು, ಅಷ್ಟೇ. ಕೀಲು ಸಡಿಲ ಆಯ್ತು. ನೋವಿದ್ಯಾ?"

"ಇಲ್ಲ."

"ಮತ್ತೆ?"

ಬಡಗಿಯ ಪರವಾಗಿ ಸಾಕ್ಷಿ ಹೇಳಬೇಕಾಗಿದ್ದ ನೋವೇ ಕೈಕೊಟ್ಟಿತ್ತು. ಅಲ್ಲದೆ ಆಸ್ಪತ್ರೆಗೆ ಹೋಗಿ, ಅಲ್ಲಿ ಹೌದು, ಮುರಿದಿದೆ ಎಂದುಬಿಟ್ಟರೆ ಕೀಸುಳಿಯ ಗತಿ? ತನ್ನ ಕಿವಿಗೆ ಬಿದ್ದದ್ದು ಸುಳ್ಳಾಗಲಿ ಎಂದುಕೊಂಡು, ಹೆಂಡತಿಗೂ ಹೇಳದೆ ಸುಮ್ಮನಾದ. ದಡ್ಡತನದಲ್ಲಿ ಭಾವನಿಗೆ ತಕ್ಕ ಭಾವಮೈದುನ.

ಮರುದಿನ ಅಳತೆಯ ದಿನ. ಬೆಳಿಗ್ಗೆಯೇ ಮೇಷ್ಟ್ರೂ ಹಾಜರು. ಹೆಂಡತಿ ಟೇಪನ್ನು ಎರಡು ಸಲ ಸುತ್ತಿ ನೋಡಿದಳು. ಬಲತೊಡೆ ಹೋದ ವಾರಕ್ಕಿಂತ ಎರಡು ಇಂಚು ಹೆಚ್ಚು!

"ಬೆಳೀತು! ನಾನು ಹೇಳ್ಲಿಲ್ವಾ?" ಮೇಷ್ಟ್ರು ಮನೆಯೊಳಗೇ ಸೀಟಿ ಊದಿದರು. ಪೆನ್ಸಿಲು ಕಸಿದುಕೊಂಡು ಗೋಡೆಯ ಮೇಲೆ ತಾವೇ ಬರೆದು, ಅಂಕಿಯ ಕೆಳಗೆ ಎರಡು ಗೀಟು ಎಳೆದರು. ಇಷ್ಟು ಚೆನ್ನಾಗಿ ಊದಿಕೊಂಡ ತೊಡೆಗೆ ಇನ್ನು ಬಹುಮಾನ ಕೊಡುವುದೊಂದು ಬಾಕಿ ಇತ್ತು.

"ಭಾವ," ಎಂದ ಬಡಗಿ, "ಒಂದೇ ರಾತ್ರೀಲಿ ಮರ ದಪ್ಪ ಆದ್ರೆ ಅದು ಬೆಳೆದಿದ್ದಲ್ಲ, ನೀರು ಕುಡಿದಿದ್ದು."

ಹೆಂಡತಿ ತೊಡೆಯ ಮೇಲೆ ಕೈಯಿಟ್ಟಳು. ಸುಡುತ್ತಿತ್ತು. "ನಿನ್ನೆ ಏನಾಯ್ತು, ನಿಜ ಹೇಳಿ" ಎಂದಳು. ಅವನು ಹೇಳಿದ. ಅವಳು ಯಾರನ್ನೂ ಬೈಯದೆ ಆಟೋ ಕರೆಯಲು ಹೋದಳು. ಮೇಷ್ಟ್ರಿಗೆ ಬೈಗುಳವೇ ವಾಸಿ ಅನ್ನಿಸಿತು.

ಮೊಣಕಾಲಿನ ಮೇಲೆ ತೊಡೆಯ ಮೂಳೆ ಮುರಿದಿತ್ತು. ಡಾಕ್ಟರು ಚರ್ಮ ಒತ್ತದಂತೆ ಮೆತ್ತೆಯಿಟ್ಟು ಪಟ್ಟಿ ಕಟ್ಟಿ, "ನಿಲ್ಲೋ ಮಾತು ಈಗ ಬೇಡ, ಮೂಳೆ ಕೂಡಿದ ಮೇಲೆ ನೋಡೋಣ" ಎಂದರು. ಬಿದ್ದ ದಿನ ಅಳದಿದ್ದ ಬಡಗಿ ಅವತ್ತು ಆಸ್ಪತ್ರೆಯ ಮೊಗಸಾಲೆಯಲ್ಲಿ, ಹತ್ತು ಜನರ ಮುಂದೆ, ಬಿಕ್ಕಿ ಬಿಕ್ಕಿ ಅತ್ತ.

ಹತ್ತು ದಿನ ಮೇಷ್ಟ್ರ ಸುಳಿವಿಲ್ಲ. ಬಂದಾಗ ಕೊರಳಲ್ಲಿ ಸೀಟಿ ಇರಲಿಲ್ಲ. "ತುಂಬಾ ನೋವಾ?" ಎಂದರು, ಹಳೆಯ ಅಭ್ಯಾಸ.

"ನೋವಾಗಿದ್ರೆ ಎಷ್ಟು ಚೆನ್ನಾಗಿತ್ತು ಭಾವ. ನಿಮ್ಮನ್ನ ಅರ್ಧದಲ್ಲೇ ನಿಲ್ಲಿಸ್ತಿದ್ದೆ."

ಮೇಷ್ಟ್ರು ಮುಖ ಮುಚ್ಚಿಕೊಂಡು ಕೂತರು. ಬಡಗಿಗೆ ಸಿಟ್ಟೂ ಇತ್ತು, ಇನ್ನು ಇವರೂ ಬರುವುದು ಬಿಟ್ಟಾರು ಎಂಬ ಭಯವೂ ಇತ್ತು. "ನಾಳೆ ಸೀಟಿ ಹಾಕ್ಕೊಂಡು ಬನ್ನಿ" ಎಂದ.

ಐದು ತಿಂಗಳ ಮೇಲೆ ಮೇಡಂ ಒಪ್ಪಿದರು: ದಿನಕ್ಕೆ ಹತ್ತೇ ನಿಮಿಷ, ಮೇಜಿನ ಮುಂದೆ ನಿಲ್ಲಬಹುದು. ಹೆಂಡತಿ ಪಟ್ಟಿ ಬಿಗಿದಳು, ಮೇಷ್ಟ್ರು ಗಡಿಯಾರ ಹಿಡಿದರು. ಬಡಗಿ ಮೈಭಾರ ಬಿಟ್ಟು ಕೀಸುಳಿ ತಳ್ಳಿದ. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಸಿಪ್ಪೆ ತುಂಡಾಗದೆ ಸುರುಳಿ ಸುತ್ತಿಕೊಂಡು ಎದ್ದು ಬಂತು. ಮತ್ತೆ ತಳ್ಳಿದ, ಮತ್ತೆ. ಸೀಟಿ ಕೂಗಿತು.

"ಇನ್ನೆರಡು ನಿಮಿಷ ಭಾವ. ನೋವೇನೂ ಇಲ್ಲ."

"ಅದಕ್ಕೇ ಕಣೋ ಹೇಳ್ತಿರೋದು," ಎನ್ನುತ್ತ ಮೇಷ್ಟ್ರು ಪಟ್ಟಿ ಸಡಿಲಿಸತೊಡಗಿದರು, "ಇಳಿ."