ಬಿಸ್ಕಿಟ್ ಪೆಟ್ಟಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆದ್ದಾರಿ ಪಕ್ಕದ ಹಳೆಯ ಮೃಗಾಲಯದ ಹಿಂಬದಿಯಲ್ಲಿ, ಇಲ್ಲಿನ ಪ್ರಾಣಿಗಳನ್ನು ನೋಡಿಕೊಳ್ಳುವ ವರ್ಲೀನ್ ಟ್ಯಾಕೆಟ್ ಮಂಡಿಯೂರಿ ಕುಳಿತು ಒಂದು ಕಬ್ಬಿಣದ ಪೆಟ್ಟಿಗೆಯ ಅಂಚಿಗೆ ಕೌದಿಯ ತುಂಡು ಸುತ್ತುತ್ತಿದ್ದಾರೆ. ಸುತ್ತಿದ ಮೇಲೆ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಾರೆ. ಟಣ್ ಎಂದು ಎಲ್ಲಾದರೂ ಸಣ್ಣ ಸದ್ದು ಬಂದರೂ ಬಿಚ್ಚಿ ಮತ್ತೆ ಸುತ್ತುತ್ತಾರೆ. ಪೆಟ್ಟಿಗೆಯ ಬಾಯಿ ಒಂದು ಪಂಜರಕ್ಕೆ ಸೇರಿಕೊಂಡಿದೆ. ಆ ಪಂಜರದ ಮೂಲೆಯಲ್ಲಿ ಮಲಗಿರುವುದು ಹುಲಿ. ಹೆಸರು ಬಿಸ್ಕಿಟ್.

ನಗಬೇಡಿ. ಮರಿಯಾಗಿದ್ದಾಗ ಅದನ್ನು ಮಕ್ಕಳ ತೊಡೆಯ ಮೇಲೆ ಕೂರಿಸಿ ಫೋಟೊ ತೆಗೆಯುತ್ತಿದ್ದರು, ಆಗ ಇಟ್ಟ ಹೆಸರು. ಮಿಸ್ಸೂರಿಯ ಈ ಗುಡ್ಡಗಾಡಿನಲ್ಲಿ ಅಂಥದೊಂದು ಫೋಟೊ ಇಲ್ಲದ ಮನೆ ಕಡಿಮೆ. ಈಗ ಬಿಸ್ಕಿಟ್ ಮುದುಕಿ. ಹಿಂಗಾಲು ಎಳೆಯುತ್ತದೆ, ಒಂದು ಕಣ್ಣಿಗೆ ಪೊರೆ ಬಂದಿದೆ. ಆದರೂ ಹುಲಿ ಹುಲಿಯೇ. ಅದು ತಲೆಯೆತ್ತಿ ನನ್ನತ್ತ ನೋಡಿದಾಗ ಪತ್ರಿಕೆಗೆ ಬರೆಯಲು ಕೇಳಬೇಕೆಂದಿದ್ದ ಪ್ರಶ್ನೆಗಳೆಲ್ಲ ಮರೆತುಹೋಗುತ್ತವೆ.

ವರ್ಲೀನ್ ಪಿಸುಗುಡುತ್ತಾರೆ: "ಉಸಿರು ಬಿಡು ಮಾರಾಯಾ. ನೀನು ಅವಳಿಗೆ ಹೆದರ್ತಿದ್ದೀಯ. ಅವಳು ಹೆದರೋದು ಈ ಕಬ್ಬಿಣಕ್ಕೆ."

ಹೆದರಿಸಿದವರು ಯಾರೆಂದರೆ ಇಲ್ಲಿಯವರೇ. ಪಂಜರ ತೊಳೆಯಬೇಕಾದರೆ ಹುಲಿಯನ್ನು ಹಿಂದಿನ ಗೂಡಿಗೆ ಓಡಿಸಬೇಕು. ಅದಕ್ಕೆ ಇಲ್ಲಿ ಇದ್ದದ್ದು ಒಂದೇ ವಿದ್ಯೆ, ಕಬ್ಬಿಣದ ಕೊಳವೆ ಹಿಡಿದು ಸರಳುಗಳಿಗೆ ಬಡಿಯುವುದು. ಮೊದಲಿದ್ದವರು ಬಡಿದರು, ಅವರನ್ನು ನೋಡಿ ವರ್ಲೀನ್ ಕೂಡ ಬಡಿದರು. ಕೆಲಸ ಕಲಿಸಿದವರು ಕಲಿಸಿದ್ದೇ ಅಷ್ಟು. ಇವತ್ತಿಗೂ ಎಲ್ಲೋ ಬಕೆಟ್ ಬಿದ್ದರೆ ಸಾಕು, ಬಿಸ್ಕಿಟ್ ನೆಲಕ್ಕೆ ಹೊಟ್ಟೆ ಹಚ್ಚಿ ನಡುಗುತ್ತದೆ.

ಬರುವ ಶುಕ್ರವಾರ ನ್ಯಾಯಾಲಯ ತೀರ್ಪು ಹೇಳಲಿದೆ. ಈ ಮೃಗಾಲಯವನ್ನು ಸರಿಪಡಿಸಲು ಇನ್ನೊಂದು ಅವಕಾಶ ಕೊಡಬೇಕೋ, ಬಾಗಿಲು ಹಾಕಿಸಬೇಕೋ ಎಂಬುದು ಪ್ರಶ್ನೆ. ಊರು ಎರಡು ಪಾಲಾಗಿದೆ. ಹೋಟೆಲಿನಲ್ಲಿ ಒಂದು ಮೇಜಿನವರು ಇನ್ನೊಂದು ಮೇಜಿನವರಿಗೆ ಉಪ್ಪಿನ ಡಬ್ಬಿ ದಾಟಿಸುವುದಿಲ್ಲ. ಪಟ್ಟಣದಿಂದ ಬರುವ ಪ್ರಾಣಿದಯೆಯವರು ಗೇಟಿನ ಮುಂದೆ ಫಲಕ ಹಿಡಿದು ನಿಲ್ಲುತ್ತಾರೆ. ಮಾಲೀಕ ಹಾಯ್ಟ್ ಬ್ಲೆವಿನ್ಸ್ ಮಾತ್ರ ಬಂದವರಿಗೆಲ್ಲ ಹೊಸ ಬೇಲಿ ಹಾಕಿಸುತ್ತೇನೆ, ಕೊಳ ತೋಡಿಸುತ್ತೇನೆ, ಬೇಸಿಗೆಯೊಳಗೆ ಎಲ್ಲ ಸರಿ ಮಾಡುತ್ತೇನೆ ಎನ್ನುತ್ತಾರೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ! ಅವರು ಕೆಟ್ಟವರಲ್ಲ. ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕ ಜಿಂಕೆಯನ್ನು ಚಳಿಯಲ್ಲಿ ತಾವೇ ಹೊತ್ತು ತಂದು ಹುಲಿಗೆ ಹಾಕುವ ಮನುಷ್ಯ. ಆದರೆ ಆ ಕೊಳಕ್ಕೆ ಇನ್ನೂ ಗುದ್ದಲಿ ಬಿದ್ದಿಲ್ಲ.

ನೀವು ಯಾವ ಕಡೆ ಎಂದು ವರ್ಲೀನ್‌ರನ್ನು ಕೇಳುತ್ತೇನೆ. ಕೌದಿಯ ದಾರವನ್ನು ಹಲ್ಲಿನಲ್ಲಿ ಕಡಿಯುತ್ತಾರೆ.

"ಮುಚ್ಲಿ. ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕ್ಕೊಂಡ ಹಾಗೆ, ಗೊತ್ತು. ಸರಿ ಮಾಡ್ಬೋದಿತ್ತು ಕಣಪ್ಪ. ಅವಳು ಓಡೋ ವಯಸ್ಸಲ್ಲಿ ಮಾಡ್ಬೇಕಿತ್ತು. ಇನ್ನೊಂದು ಬೇಸಿಗೆ ಕಾಯಿ ಅಂತ ಯಾವ ಬಾಯಲ್ಲಿ ಹೇಳ್ಲಿ ಅವಳಿಗೆ?"

ಆದರೆ ಮುಚ್ಚುವುದಕ್ಕೂ ಅವರು ಹೆದರುತ್ತಾರೆ. ಮುಚ್ಚಿದರೆ ಲಾರಿ ಬರುತ್ತದೆ. ದೂರದ ಆಶ್ರಯಧಾಮಕ್ಕೆ ಹೋಗಬೇಕಾದರೆ ಹುಲಿ ಈ ಪೆಟ್ಟಿಗೆ ಹತ್ತಬೇಕು. ಹತ್ತದಿದ್ದರೆ ಮತ್ತಿನ ಚುಚ್ಚುಮದ್ದು ಹೊಡೆದು ಎತ್ತಿ ಹಾಕುತ್ತಾರೆ. ಪಕ್ಕದ ಕೌಂಟಿಯಲ್ಲಿ ಇಂಥದೇ ಒಂದು ಜಾಗ ಮುಚ್ಚಿಸಿದಾಗ ಮುದಿ ಕರಡಿಯೊಂದಕ್ಕೆ ಹಾಗೇ ಮಾಡಿದರು. ಕರಡಿ ಏಳಲಿಲ್ಲ. ಲಾರಿ ಹೊರಟಾಗ ಗೇಟಿನ ಬಳಿ ಜನ ಸಂತೋಷದಿಂದ ಕೂಗುತ್ತಿದ್ದರಂತೆ, ಒಳಗಿನ ಕರಡಿ ಸತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಇಲ್ಲಿ ಪುಲಿಯೇ ದರಿಯ ಅಂಚಿಗೆ ಬಂದು ನಿಂತಿದೆ.

ಬಿಸ್ಕಿಟ್‌ನ ಹೃದಯ ಮತ್ತಿನ ಮದ್ದು ತಡೆಯುವುದು ಕಷ್ಟ ಎಂದು ಪಶುವೈದ್ಯೆ ಪಾಮ್ ಹ್ಯಾಗರ್ಟಿ ಮೊದಲೇ ಹೇಳಿದ್ದಾರೆ. ಕೊಳವೆ ಬಿಸಾಕಿ, ಕಾದು, ಮಾಂಸದ ಆಸೆ ತೋರಿಸಿ ತಾನಾಗಿಯೇ ಪೆಟ್ಟಿಗೆ ಹತ್ತುವಂತೆ ಮಾಡುವ ದಾರಿ ಕಲಿಸಿಕೊಟ್ಟವರೂ ಅವರೇ. "ಆಯಮ್ಮ ಹೇಳಿಕೊಡದೇ ಇದ್ದಿದ್ರೆ ನಾನು ಈಗ್ಲೂ ಬಡೀತಾ ಇರ್ತಿದ್ದೆ" ಎನ್ನುತ್ತಾರೆ ವರ್ಲೀನ್. ಚಳಿ ಬಿದ್ದಾಗಿನಿಂದ ದಿನಾ ಮುಂಜಾನೆ, ಹೆದ್ದಾರಿ ಎಚ್ಚರಗೊಳ್ಳುವ ಮೊದಲೇ, ಇದೇ ಕೆಲಸ. ಮೊದಲು ಬಿಸ್ಕಿಟ್ ಪೆಟ್ಟಿಗೆಯ ಕಡೆ ಮುಖವನ್ನೂ ಹಾಕಲಿಲ್ಲ. ಆಮೇಲೆ ಮೂಗು, ಆಮೇಲೆ ಮುಂಗಾಲು. ಈಚೆಗೆ ಅರ್ಧ ಮೈ ಒಳಗೆ, ಅರ್ಧ ಮೈ ಹೊರಗೆ. ಪೆಟ್ಟಿಗೆ ಕಂಡರೆ ಹಾಯ್ಟ್‌ಗೆ ಮೈಯೆಲ್ಲ ಉರಿ. ತೀರ್ಪು ಬರುವ ಮೊದಲೇ ಹೆಣದ ಪೆಟ್ಟಿಗೆ ತಂದಿಟ್ಟಿದ್ದೀಯಾ ಎಂದು ಬೈದವರು ವಾರವಿಡೀ ವರ್ಲೀನ್ ಜೊತೆ ಮಾತು ಬಿಟ್ಟಿದ್ದರಂತೆ.

ಈಗ ವರ್ಲೀನ್ ಪೆಟ್ಟಿಗೆಯ ಕೊನೆಗೆ ಮಾಂಸದ ತುಂಡು ಸರಿಸಿ, ಬಾಗಿಲಿನ ಹಗ್ಗ ಹಿಡಿದು ನಿಲ್ಲುತ್ತಾರೆ.

"ಬಾ ಕಣೇ ಮುದುಕಿ. ಯಾರೂ ಬಡಿಯಲ್ಲ, ಬಾ."

ಬಿಸ್ಕಿಟ್ ಏಳುತ್ತದೆ. ಮೂಸುತ್ತದೆ. ಒಂದು ಕಾಲು, ಇನ್ನೊಂದು ಕಾಲು. ಎಳೆಯುವ ಹಿಂಗಾಲೊಂದು ಹೊಸ್ತಿಲ ಮೇಲೆ ತಡೆದು ನಿಂತು, ಹಾಗೇ ಒಳಗೆ ಹೋಗುತ್ತದೆ. ಕೊನೆಯದೂ ಹೋಗುತ್ತದೆ. ಬಾಲ ಕೂಡ ಹೊರಗಿಲ್ಲ.

ಬಾಗಿಲು ಇಳಿಸುವ ಮೊದಲೇ ನಮ್ಮ ಬೆನ್ನ ಹಿಂದೆ ಚಪ್ಪಾಳೆ ಕೇಳುತ್ತದೆ.

ಹಾಯ್ಟ್. ಯಾವಾಗ ಬಂದರೋ ತಿಳಿಯದು. ಕಣ್ಣಲ್ಲಿ ನೀರು ತುಂಬಿದೆ, ಮುಖದಲ್ಲಿ ನಗು, ಕೈ ಚಪ್ಪಾಳೆ ತಟ್ಟುತ್ತಿದೆ. ಆಯುಷ್ಯವೆಲ್ಲ ಹುಲಿಯ ಆಟ ತೋರಿಸಿ ಜನರಿಂದ ಚಪ್ಪಾಳೆ ಹೊಡೆಸಿದ ಮನುಷ್ಯನಿಗೆ ಸಂತೋಷವಾದರೆ ಬರುವುದು ಅದೊಂದೇ. ಪೆಟ್ಟಿಗೆ ಅಲುಗಾಡುತ್ತದೆ. ಬಿಸ್ಕಿಟ್ ಹಿಮ್ಮುಖವಾಗಿ ನುಗ್ಗಿ ಹೊರಬಿದ್ದು, ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಡುಗುತ್ತದೆ. ತುಂಬಾ ಹೊತ್ತು ನಡುಗುತ್ತದೆ.

"ನಾನು... ಖುಷಿಗೆ ಕಣೇ ವರ್ಲೀನ್" ಎನ್ನುತ್ತಾರೆ ಹಾಯ್ಟ್.

ವರ್ಲೀನ್ ಬೈಯುವುದಿಲ್ಲ. ಹಗ್ಗವನ್ನು ಸದ್ದಾಗದಂತೆ ಗೂಟಕ್ಕೆ ಕಟ್ಟುತ್ತಾರೆ. ನಾಳೆ ಮತ್ತೆ ಮೂಗಿನಿಂದ ಶುರು. ಶುಕ್ರವಾರದೊಳಗೆ ಆದೀತೇ ಎಂದು ಕೇಳುವ ಧೈರ್ಯ ನನಗಿಲ್ಲ. ಅವರಿಗೂ ಅದೇ ಭಯವಿರಬೇಕು, ಕೌದಿಯ ಮೇಲಿನ ಕೈ ಮತ್ತೆ ಮತ್ತೆ ಒಂದೇ ಜಾಗವನ್ನು ಸವರುತ್ತಿದೆ. ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ ಎಂದಷ್ಟೇ ಕೇಳುತ್ತೇನೆ.

"ನನ್ನ ಬಗ್ಗೆ ಏನೂ ಬೇಡ. ಲಾರಿ ಬಂದ ದಿನ ಗೇಟಿನ ಹತ್ರ ಎಲ್ರೂ ಸೇರ್ತಾರೆ, ಗೆದ್ದೋರೂ, ಸೋತೋರೂ. ಬರ್ಲಿ, ನೋಡ್ಲಿ. ಇದೊಂದನ್ನ ದೊಡ್ಡ ಅಕ್ಷರದಲ್ಲಿ ಹಾಕಿಬಿಡು."

ಹಾಯ್ಟ್ ಎರಡೂ ಕೈಗಳನ್ನು ಜೇಬಿನೊಳಗೆ ತುರುಕಿಕೊಂಡು ನೆಲ ನೋಡುತ್ತಿದ್ದಾರೆ. ವರ್ಲೀನ್ ದನಿ ಇನ್ನೂ ತಗ್ಗಿಸುತ್ತಾರೆ.

"ಯಾರೂ ಚಪ್ಪಾಳೆ ತಟ್ಟಬಾರದು."