ಚಾರ್ಜ್ ಕೊಡದೆ ಸತ್ತ ಹೀರೊ

ತೆಲುಗು ನಾಡಿನ ಮಣಿಕೊಂಡದಲ್ಲಿ ನಮ್ಮ ಮನೆ ಮಾಲೀಕರು ಕನ್ನಡದವರೇ, ಅಲ್ಲಿನ ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ನಾನು ಮೈಸೂರಿಗೆ ಹೊರಟರೆ ಗೇಟಿಗೆ ಅಡ್ಡ ನಿಂತು, "ಚಾರ್ಜ್ ಯಾರಿಗೆ ಕೊಟ್ರಿ?" ಎನ್ನುತ್ತಿದ್ದರು. ನನ್ನ ಸರದಿಯ ದಿನ ನೀರಿನ ಮೋಟರ್ ಹಾಕುವ ಕೆಲಸ ಯಾರಿಗೆ ಒಪ್ಪಿಸಿದ್ದೇನೆಂದು ನಾನು ಹೆಸರು ಹೇಳುವ ತನಕ ಬಿಡುತ್ತಿರಲಿಲ್ಲ.

ಒಮ್ಮೆ ಗೆಳೆಯ ಆಫೀಸಿನಲ್ಲಿ ಸಿಕ್ಕಿಹಾಕಿಕೊಂಡು ಟಿಕೆಟ್ಟು ಉಳಿಯಿತು. ಮಾಲೀಕರನ್ನೇ ಸೂಪರ್‌ಹೀರೊ ಸಿನಿಮಾಕ್ಕೆ ಕರೆದೊಯ್ದೆ. ತೆರೆಯ ತುಂಬ ಹೀರೊಗಳು ಹಾರಾಡುತ್ತಿದ್ದರು. "ಸ್ಟಾಫ್ ಭಾಳ ಐತಿ, ಕೆಲಸ ಒಬ್ಬನೇ ಮಾಡಾಕತ್ತಾನ," ಎಂದು ಗೊಣಗಿದರು. ಕೊನೆಗೆ ಆ ಒಬ್ಬನೇ ಸತ್ತ. ಇಡೀ ಥಿಯೇಟರ್ ಮೂಗು ಒರೆಸಿಕೊಳ್ಳುತ್ತಿರುವಾಗ ಇವರು ಎದ್ದು ನಿಂತು, "ಲೇ ತಮ್ಮಾ, ಚಾರ್ಜ್ ಯಾರಿಗೆ ಕೊಟ್ಟಿ?" ಎಂದು ಕೂಗಿಯೇಬಿಟ್ಟರು. ಹಿಂದಿನ ಸಾಲಿನವರು ತೆಲುಗಿನಲ್ಲಿ ಬೈದರು.

ಹೊರಗೆ ಚಹಾ ಕುಡಿಯುವಾಗ ನಾನು ರೇಗಿದೆ. "ಸಿನಿಮಾದಲ್ಲಿ ಎಂಥ ಚಾರ್ಜು ಅಂಕಲ್?"

ಅವರು ಕಿಸೆಯಿಂದ ಕೀಲಿಗೊಂಚಲು ತೆಗೆದು, ಮನೆಯ ಕೀಲಿಗಳ ನಡುವೆ ತುಕ್ಕು ಹಿಡಿದಿದ್ದ ಒಂದನ್ನು ತೋರಿಸಿದರು.

"ಇದು ನನ್ನ ಆಫೀಸ್ ಅಲಮಾರಿದು. ರಿಟೈರ್ ಆದ ದಿನ ಸಂಜೀತನಕ ಕುಂತಿದ್ದೆ, ಚಾರ್ಜ್ ತಗೊಳ್ಳಾಕ ಯಾರೂ ಬರಲಿಲ್ಲ. ಆರು ವರ್ಷ ಆತು. ಇನ್ನೂ ಒಬ್ರೂ ಕೇಳಿಲ್ರಿ."