ಅಣ್ಣನ ಮಗಳ ಬೀಜದ ಪರೀಕ್ಷೆ

ನಮ್ಮಣ್ಣನ ಮಗಳು ಮೊದಲ ಸಲ ಪರೀಕ್ಷೆಗೆ ಹೋದಾಗ ಈರುಳ್ಳಿ ಬೀಜವನ್ನು ಹುಚ್ಚೆಳ್ಳು ಎಂದು ಬರೆದು ಬಂದಳು. ಅವಳ ತಾಯಿಯ ತವರು ಅಜ್ಜಂಪುರ. ಸುಗ್ಗಿಯಲ್ಲಿ ಅಲ್ಲಿ ಪಡಸಾಲೆಯಿಂದ ಹಿತ್ತಿಲವರೆಗೆ ಈರುಳ್ಳಿ ಹರವಿರುತ್ತಾರೆ, ಕಾಲಿಡಲು ಜಾಗವಿರುವುದಿಲ್ಲ. ಅಂಥ ಮನೆಯ ಮೊಮ್ಮಗಳಿಗೆ ಈರುಳ್ಳಿ ಬೀಜ ಗೊತ್ತಾಗಲಿಲ್ಲ ಅಂದರೆ ಜನ ಸುಮ್ಮನಿರುತ್ತಾರೆಯೇ? ನೆಂಟರಿಷ್ಟರೆಲ್ಲ ಆಡಿಕೊಂಡು ನಕ್ಕರು. ನಮ್ಮತ್ತಿಗೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ಆ ಮಾತು ಕೇಳಿ, ಪಾಯಸಕ್ಕೂ ಕಾಯದೆ ಎದ್ದು ಬಂದಿದ್ದರು.

ಕೃಷಿ ಕಾಲೇಜಿಗೆ ಸೇರಬೇಕಾದರೆ ಎಲ್ಲರಂತೆ ಸಿಇಟಿ ಬರೆಯಬೇಕು. ರೈತರ ಮಕ್ಕಳಿಗೆಂದು ಮೀಸಲಿಟ್ಟ ಸೀಟು ಬೇಕೆಂದರೆ ಅದರ ಜೊತೆಗೆ ಇನ್ನೊಂದು ಪರೀಕ್ಷೆ. ಉದ್ದನೆಯ ಮೇಜಿನ ಮೇಲೆ ಬೀಜ, ಗೊಬ್ಬರ, ಎಲೆ, ಹುಳು ತಿಂದ ಕಾಯಿ, ಉಳುವ ಬಿತ್ತುವ ಸಲಕರಣೆ, ಹೀಗೆ ಏನೇನೋ ಇಟ್ಟಿರುತ್ತಾರೆ. ನೋಡಿ, ಇದು ಇಂಥದ್ದು ಎಂದು ಬರೆದು, ಮುಂದಿನದಕ್ಕೆ ಸರಿಯಬೇಕು. ಎರಡರ ಅಂಕವೂ ಸೇರಿಯೇ ರ‍್ಯಾಂಕು ಬರುವುದು.

ಹಿರೇನಲ್ಲೂರಿನ ಕಡೆ ನಮ್ಮ ಹೊಲ. ರಾಗಿ, ಜೋಳ, ಹುರುಳಿ, ಸಾಲಿಗೊಂದಿಷ್ಟು ಅವರೆ. ನಮ್ಮಣ್ಣ ಅದರಲ್ಲೇ ಬೆಳೆದು ಅದರಲ್ಲೇ ತಲೆ ನರೆಸಿಕೊಂಡವನು. ಮಗಳು ಬೀಜ ಗುರುತಿಸುವ ಪರೀಕ್ಷೆಗೆ ಓದುತ್ತೇನೆ ಅಂದಾಗ ಅವನು ನಗಾಡಿದ್ದ. "ಮೀನಿನ ಮರಿಗೆ ಈಜು ಕಲಿಸ್ತಾರೇನೇ?" ಅಂದಿದ್ದ. ನಾವೂ ಹೂಂಗುಟ್ಟಿದ್ದೆವು. ಹುಡುಗಿ ಚಿತ್ರಗಳಿದ್ದ ಒಂದು ಗೈಡು ತಂದುಕೊಂಡು ಮೂಲೆ ಸವೆಯುವಷ್ಟು ತಿರುವಿ ಹಾಕಿ ಹೋಗಿದ್ದಳು. ಆಮೇಲೆ ಆದದ್ದು ಈರುಳ್ಳಿ ಬೀಜದ ಕಥೆ.

ಸೀಟು ಕೈತಪ್ಪಿದ ಮೇಲೆ ಅಣ್ಣ ಮಗಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟ. ಹೇಳಬೇಕಾದ್ದನ್ನು ನನ್ನ ಕಡೆ ತಿರುಗಿ ಹೇಳಿದ. "ಇನ್ನೊಂದ್ಸಲ ಬರೀಲಿ, ಅಷ್ಟೇ. ಸಿಗ್ದಿದ್ರೆ ಕಡೂರಲ್ಲೇ ಯಾವ್ದಾದ್ರೂ ಡಿಗ್ರಿಗೆ ಸೇರ್ಕೊಳ್ಳಿ." ಅವಳಿಗೋ ಚಿಕ್ಕಂದಿನಿಂದ ಬೇರೆ ಆಸೆಯೇ ಇರಲಿಲ್ಲ. ಅವಳಣ್ಣ ಟ್ರ‍್ಯಾಕ್ಟರ್ ಹತ್ತಿದರೆ ಇವಳು ಹೊಲದಲ್ಲಿ ಕೂತು ಮಣ್ಣು ಮೂಸುತ್ತಿದ್ದ ಪ್ರಾಣಿ. ಆ ಒಂದು ವರ್ಷ ಅವಳು ನನ್ನ ಜೊತೆ ಇರಲೆಂದು ಕಡೂರಿಗೆ ಕರೆತಂದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಾಲೆಗೆಲ್ಲ ಗೊತ್ತು. ಹತ್ತು ಸಲ ಓದು, ತಾನಾಗಿ ಬರುತ್ತದೆ ಎನ್ನುವ ಪಂಗಡ ನನ್ನದು. ಇವಳು ನೋಡಿದರೆ ಗೈಡನ್ನು ಅಟ್ಟದ ಮೇಲೆ ಎಸೆದು ಸುಮ್ಮನೆ ಕೂತಿದ್ದಾಳೆ. ಓದೋ ಹುಡುಗಿ ಪುಸ್ತಕ ಮುಟ್ಟದೆ ಕೂತರೆ ಹೇಗೆ ಅಂತ ರೇಗಿದೆ. ಅವಳು ತಲೆ ಎತ್ತದೆ ಹೇಳಿದಳು.

"ಹೋದ್ಸಲ ಪುಸ್ತಕ ತೆಗ್ದಾಗೆಲ್ಲ ಎಲ್ಲಾ ಗೊತ್ತು ಅನ್ನಿಸ್ತಿತ್ತು ಅತ್ತೆ. ಗೊತ್ತಿದ್ದಿದ್ದು ಪುಸ್ತಕಕ್ಕೆ, ನಂಗಲ್ಲ."

ಮಾತಿನಲ್ಲಿ ಸೋತಾಗ ನಾನು ಅಡುಗೆಮನೆಗೆ ಹೋಗುತ್ತೇನೆ, ಹೋದೆ.

ಆಮೇಲೆ ಶುರುವಾಯಿತು ನೋಡಿ ಅವಳ ಕಾರುಬಾರು. ಹಿರೇನಲ್ಲೂರಿನಿಂದ ಹೊಲದ ಬೀಜಗಳು ಬಂದವು, ಅಜ್ಜಂಪುರದ ಅಜ್ಜಿಯ ಮನೆಯಿಂದ ಎರೆಮಣ್ಣಿನ ಬೆಳೆಗಳ ಬೀಜ ಬಂದವು. ನೀರಾವರಿ ಕಡೆಯದೂ ಬೇಕೆಂದು ನನ್ನನ್ನು ತರೀಕೆರೆಗೆ ಎಳೆದುಕೊಂಡು ಹೋಗಿ ಬತ್ತ, ತರಕಾರಿ ಬೀಜ, ಹಸಿರುಗೊಬ್ಬರದ ಬೀಜ ಎಂದು ಒಂದೊಂದು ಚಿಟಿಕೆ ಕೇಳಿ ತಂದಳು. ಚಿಟಿಕೆ ಕೇಳಿದ್ದಕ್ಕೆ ಅಂಗಡಿಯವನು ನಕ್ಕ. ನನ್ನ ಮಾತ್ರೆ ಡಬ್ಬಿಗಳೆಲ್ಲ ಖಾಲಿಯಾಗಿ ಅವಕ್ಕೆ ಬೀಜ ತುಂಬಿತು.

ದಿನಾ ಸಂಜೆ ಅವಳು ಗೋಡೆಯ ಕಡೆ ಮುಖ ಮಾಡಿ ಕೂರುವುದು, ನಾನು ತಟ್ಟೆಗಳಲ್ಲಿ ಬೀಜ ಇಡುವುದು. ತಿರುಗಿ, ನೋಡಿ, ಹೆಸರು ಹೇಳಬೇಕು. ನಾನು ಸುಳಿವು ಕೊಡಬಾರದು, ಮುಖ ಕೂಡ ಹುಳ್ಳಗೆ ಮಾಡಬಾರದು. ತಪ್ಪಿದ್ದನ್ನು ಮರುದಿನವೇ ಇಡಬೇಕು. ಸರಿ ಹೇಳಿದ್ದನ್ನು ಕೆಲವು ದಿನ ಬಚ್ಚಿಟ್ಟು, ಇನ್ನೇನು ಮರೆಯುತ್ತಾಳೆ ಅನ್ನುವಾಗ ಮತ್ತೆ ಇಡಬೇಕು. ಕಷ್ಟಪಟ್ಟು ನೆನೆಸಿಕೊಂಡದ್ದೇ ಉಳಿಯುವುದು ಎಂಬುದು ಅವಳ ವಾದ. ಭೌತಶಾಸ್ತ್ರ, ರಸಾಯನಶಾಸ್ತ್ರಕ್ಕೂ ಇದೇ ನೇಮ. ಒಂದು ಪಾಠ ಓದಿ, ಪುಸ್ತಕ ಮುಚ್ಚಿ, ನಮ್ಮ ಮನೆಯ ಗೋಡೆಗೆ ಪಾಠ ಮಾಡುತ್ತಿದ್ದಳು. ಆಮೇಲೆ ತೆರೆದು, ಏನು ಬಿಟ್ಟೆ ಎಂದು ನೋಡುತ್ತಿದ್ದಳು. ಪಕ್ಕದ ಮನೆಯವರು ನಮ್ಮ ಹುಡುಗಿಗೆ ಏನೋ ಆಗಿದೆ ಅಂದುಕೊಂಡಿದ್ದರೆ ಅದು ಅವರ ತಪ್ಪಲ್ಲ.

ಮೊದಮೊದಲು ತಪ್ಪೇ ಹೆಚ್ಚು. ಹೋದ ವರ್ಷ ಅಷ್ಟಾದರೂ ಬರುತ್ತಿತ್ತಲ್ಲ, ಈಗ ಅದೂ ಹೋಯಿತೇ ಎಂದು ನನಗೆ ಭಯ. ಒಂದು ಸಂಜೆಯಂತೂ ಮುಕ್ಕಾಲು ಪಾಲು ತಪ್ಪು ಹೇಳಿ ಕಣ್ಣೀರು ಹಾಕಿದಳು. ಸಾಕು, ಮೊದಲಿನ ಹಾಗೆ ಪುಸ್ತಕ ಇಟ್ಟುಕೊಂಡು ಓದು ಅಂದೆ. ಮೂಗು ಒರೆಸಿಕೊಂಡು, "ಇಲ್ಲಿ ತಪ್ಪಿದ್ರೆ ನೀವು ಬೈತೀರಿ, ಅಲ್ಲಿ ತಪ್ಪಿದ್ರೆ ಸೀಟು ಹೋಗುತ್ತೆ. ಇಡಿ ಅತ್ತೆ," ಅಂದಳು. ಇಟ್ಟೆ.

ಬರಬರುತ್ತಾ ನನಗೂ ಚಟ ಹತ್ತಿತು. ಅವಳನ್ನು ಬೀಳಿಸಲೇಬೇಕೆಂದು ಒಂದು ದಿನ ತಟ್ಟೆಯಲ್ಲಿ ಟೀ ಪುಡಿ ಇಟ್ಟೆ. ತಿರುಗಿ ನೋಡಿದವಳು, ಇದನ್ನು ಬಿತ್ತುವುದಲ್ಲ ಕುದಿಸುವುದು, ಹೋಗಿ ಒಂದು ಲೋಟ ಮಾಡಿಕೊಂಡು ಬನ್ನಿ ಅಂದಳು. ಇನ್ನೊಂದು ದಿನ ಕರಿ ಎಳ್ಳು, ಹುಚ್ಚೆಳ್ಳು, ಈರುಳ್ಳಿ ಬೀಜ ಮೂರನ್ನೂ ಕಲಸಿ ಇಟ್ಟೆ. ಇದು ಸೇಡಿನ ಕೆಲಸವೇ ಸರಿ. ಅವಳು ಪೊರಕೆ ಕಡ್ಡಿಯೊಂದನ್ನು ಮುರಿದುಕೊಂಡು ಬಂದು, ಆ ಕಪ್ಪು ರಾಶಿಯನ್ನು ಮೂರು ಪಾಲು ಮಾಡಿಬಿಟ್ಟಳು. ಎಳ್ಳು ಚಪ್ಪಟೆ. ಹುಚ್ಚೆಳ್ಳು ಉದ್ದಕ್ಕೆ, ನಯ. ಈರುಳ್ಳಿ ಬೀಜಕ್ಕೆ ಮೂಲೆಗಳಿವೆ, ಮೈಯೆಲ್ಲ ಸುಕ್ಕು. ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದೆ. ಹೌದು, ಮೂಲೆಗಳಿದ್ದವು. ನನಗೆ ಅಲ್ಲಿಯವರೆಗೆ ಅವು ಮೂರೂ ಬರೀ ಕಪ್ಪಾಗಿದ್ದವು. ಅಷ್ಟು ಸಣ್ಣದರಲ್ಲಿ ಅಷ್ಟೊಂದು ಇದೆಯಲ್ಲ ಎಂದು ಮೈ ಜುಮ್ಮೆಂದಿತು. ದೇವರ ಮುಂದೆ ಕೈಮುಗಿದಾಗಲೂ ನನಗೆ ಹಾಗಾದದ್ದು ಕಡಿಮೆ.

ಒಂದು ದಿನ ಎಮ್ಮೆದೊಡ್ಡಿಯ ಕಡೆ ಸಾವಿನ ಮನೆಗೆ ಹೋಗಿ ಇಬ್ಬರೂ ಬರುತ್ತಿದ್ದೆವು. ದನ ಮೇಯುವ ಕಾವಲಿನ ಅಂಚಿನಲ್ಲಿ ನಡೆದು ಬಂದದ್ದಕ್ಕೆ ನನ್ನ ಸೀರೆಯ ಅಂಚಿನ ತುಂಬ ಹುಲ್ಲಿನ ಮುಳ್ಳು ಅಂಟಿತ್ತು. ಬಸ್ಸು ಬರುವವರೆಗೆ ಅವಳು ನನ್ನ ಕಾಲ ಬಳಿ ಕೂತು ಒಂದೊಂದನ್ನೇ ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. ನನ್ನ ಪಾಲಿಗೆ ಅದು ಸೀರೆ ಹಾಳುಮಾಡುವ ಕಸ. ಅವಳು ಅದರಲ್ಲಿ ನಾಲ್ಕು ಬಗೆಯ ಹುಲ್ಲು ತೋರಿಸಿದಳು. ಯಾವುದನ್ನು ದನ ಇಷ್ಟಪಟ್ಟು ಮೇಯುತ್ತದೆ, ಯಾವುದನ್ನು ಬಿಟ್ಟು ಹೋಗುತ್ತದೆ ಎಂದೂ ಹೇಳಿದಳು. ಹಿತ್ತಲ ಗಿಡ ಮದ್ದಲ್ಲ ಎಂದು ಮಕ್ಕಳಿಗೆ ಎಷ್ಟು ಸಲ ಗಾದೆ ವಿವರಿಸಿದ್ದೇನೋ. ಹಿತ್ತಲಲ್ಲಿ ಏನಿದೆ ಎಂದು ನಾನು ನೋಡಿರಲಿಲ್ಲ, ನಮ್ಮಣ್ಣನೂ ನೋಡಿರಲಿಲ್ಲ.

ಎರಡೂ ಪರೀಕ್ಷೆ ಮುಗಿದವು. ಬೀಜದ ಪರೀಕ್ಷೆಯಿಂದ ಹೊರಬಂದವಳು ಹೇಗಾಯಿತು ಎಂದರೆ, ನಾಲ್ಕೈದು ಬರಲಿಲ್ಲ, ಯಾವುದು ಎಂಬುದೂ ಗೊತ್ತು ಅಂದಳು. ಹೋದ ವರ್ಷ ಇದೇ ಪ್ರಶ್ನೆಗೆ ಎಲ್ಲಾ ಚೆನ್ನಾಗಾಯ್ತು ಅಂದಿದ್ದಳು. ಫಲಿತಾಂಶ ಬಂದ ದಿನ ನಾನು ಶಾಲೆಯಲ್ಲಿದ್ದೆ. ಅವಳೇ ಫೋನು ಮಾಡಿದಳು. ಅಂಕ ಎಷ್ಟೋ ಮೇಲೇರಿತ್ತು, ರ‍್ಯಾಂಕು ಬಂದಿತ್ತು. ಸೀಟು ಹಂಚಿಕೆಯಲ್ಲಿ ಅವಳು ಬಯಸಿದ ಕೃಷಿ ಕಾಲೇಜೇ ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನಾನು ಅತ್ತುಬಿಟ್ಟೆ, ಕೋಪಿಷ್ಠೆ ಎಂಬ ನನ್ನ ಬಿರುದು ಹಾಳಾಯಿತು.

ಸಂಭ್ರಮವೆಲ್ಲ ಸರಿ, ಅಣ್ಣ ಮಾತ್ರ ಏನೂ ಆಡಲಿಲ್ಲ. ಕಾಲೇಜಿಗೆ ಹೊರಡುವ ಹಿಂದಿನ ದಿನ ನಾವಿಬ್ಬರೂ ಊರಿಗೆ ಹೋದಾಗ ಅವನು ಜಗಲಿಯಲ್ಲಿ ಬಿತ್ತನೆ ರಾಗಿಯನ್ನು ಜರಡಿ ಹಿಡಿಯುತ್ತಿದ್ದ. ನಮ್ಮನ್ನು ಕಂಡು ಜರಡಿ ಕೆಳಗಿಟ್ಟ. ಉಳಿದ ಕಸದಿಂದ ಒಂದು ಹಿಡಿ ಬಾಚಿ, ಮಗಳ ಮುಂದೆ ಅಂಗೈ ಚಾಚಿದ. ಮೇಜು ತಟ್ಟೆ ಇಲ್ಲದ ಪರೀಕ್ಷೆ ಅದು.

ಅವಳು ಬೆರಳಿನಲ್ಲಿ ಸರಿಸುತ್ತಾ ಹೋದಳು. ಕಾಡುರಾಗಿ. ನವಣೆ. ಸಾಸಿವೆ. ದಂಟಿನ ಬೀಜ. ಇದು ಮುರಿದ ಹುಚ್ಚೆಳ್ಳು. ಕೊನೆಗೆ ಕಂದುಬಣ್ಣದ, ಸಾಸಿವೆಗಿಂತ ಸಣ್ಣದೊಂದು ಉಳಿಯಿತು. ಅದನ್ನು ತಿರುಗಿಸಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು.

"ಇದು ನಂಗೊತ್ತಿಲ್ಲ ಅಪ್ಪಾಜಿ."

ಈಗ ಹಂಗಿಸುತ್ತಾನೆ ಅಂದುಕೊಂಡೆ. ಅಣ್ಣ ಆ ಬೀಜವನ್ನು ತನ್ನ ಅಂಗೈಗೆ ಹಾಕಿಸಿಕೊಂಡು ನೋಡಿದ. ಅಷ್ಟು ತಿಂಗಳ ಮೇಲೆ ಮಗಳ ಮುಖ ನೋಡಿ ಮಾತಾಡಿದ.

"ನಂಗೂ ಗೊತ್ತಿಲ್ಲ ಕಣವ್ವಾ. ಇದ್ರ ಗಿಡಾನ ವರ್ಷಾ ವರ್ಷಾ ಕಿತ್ತು ಎಸೀತೀನಿ, ಹೆಸ್ರು ಕೇಳ್ದೋನೇ ಅಲ್ಲ. ತಿಳ್ಕೊಂಡ್ ಬಂದು ನಂಗ್ ಹೇಳು."